ಅಪ್ಪನ ಹೆಸರು ಹೊತ್ತು ಚಿನ್ನ ಗೆದ್ದ ರೀಟಾ

ಶನಿವಾರ ಬೆಳಿಗ್ಗೆ ಕನ್ನಡ ಶಾಲೆ, ಮಧ್ಯಾಹ್ನ ಜಿಮ್ನಾಸ್ಟಿಕ್ಸ್, ನಡುವೆ ಕಾರಿನಲ್ಲೇ ಚಿತ್ರಾನ್ನದ ಡಬ್ಬಿ. ನಿಮ್ಮ ವಾರಾಂತ್ಯವೂ ಹೀಗೇ ಇದ್ದರೆ, "ಅಮ್ಮಾ, ನಾನು ಇಲ್ಲಿಯವಳಾ, ಅಲ್ಲಿಯವಳಾ?" ಎಂಬ ಪ್ರಶ್ನೆ ಹಿಂದಿನ ಸೀಟಿನಿಂದ ಒಮ್ಮೆಯಾದರೂ ಬಂದಿರುತ್ತದೆ. ಮುಂದಿನ ಸಲ ಬಂದರೆ, ಮಾರ್ಗರಿಟಾ ಮಾಮುನ್ ಕಥೆ ಹೇಳಿ ನೋಡಿ.

1995ರ ನವೆಂಬರ್ 1ರಂದು ಮಾಸ್ಕೋದಲ್ಲಿ ಹುಟ್ಟಿದ ಈಕೆಯನ್ನು ಮನೆಯವರು ಕರೆಯುವುದು ರೀಟಾ ಎಂದು. ಅಮ್ಮ ಅನ್ನಾ ರಷ್ಯಾದವರು, ತಾವೂ ರಿದಮಿಕ್ ಜಿಮ್ನಾಸ್ಟಿಕ್ಸ್ ಮಾಡಿದ್ದವರು. ಅಪ್ಪ ಅಬ್ದುಲ್ಲಾ ಅಲ್ ಮಾಮುನ್ ಬಾಂಗ್ಲಾದೇಶದ ರಾಜಶಾಹಿಯವರು, ಮೆರೈನ್ ಇಂಜಿನಿಯರ್. ಏಳನೇ ವಯಸ್ಸಿಗೆ ಜಿಮ್ನಾಸ್ಟಿಕ್ಸ್ ಶುರು ಮಾಡಿದ ರೀಟಾ, ಜೂನಿಯರ್ ಆಗಿದ್ದಾಗ ಸ್ವಲ್ಪ ಕಾಲ ಬಾಂಗ್ಲಾದೇಶದ ಪರವಾಗಿಯೂ ಸ್ಪರ್ಧಿಸಿದ್ದಳು. ಆಮೇಲೆ ಆರಿಸಿಕೊಂಡದ್ದು ರಷ್ಯಾವನ್ನು. ಆದರೂ ಅವಳಿಗೆ ಅಂಟಿಕೊಂಡ ಅಡ್ಡಹೆಸರು "ಬಂಗಾಳದ ಹುಲಿ".

ಯಾವಾಗಲೂ ಎರಡನೆಯವಳು

ಈ ಆಟ ನೋಡಲು ನೃತ್ಯದಂತೆ ಕಾಣುತ್ತದೆ. 13 ಮೀಟರ್ ಉದ್ದ, ಅಷ್ಟೇ ಅಗಲದ ಹಾಸಿನ ಮೇಲೆ, ಒಂದೂವರೆ ನಿಮಿಷದೊಳಗೆ, ಸಂಗೀತಕ್ಕೆ ತಕ್ಕಂತೆ ಪ್ರದರ್ಶನ. ರೀಟಾಳ ಕಾಲದಲ್ಲಿ ಹೂಪ್, ಚೆಂಡು, ಕ್ಲಬ್ಸ್, ರಿಬ್ಬನ್ ಎಂಬ ನಾಲ್ಕು ಸುತ್ತುಗಳು. ಆರು ಮೀಟರ್ ಉದ್ದದ ರಿಬ್ಬನ್‌ಗೆ ಒಂದು ಗಂಟು ಬಿದ್ದರೂ ಅಂಕ ಹೋಯಿತು.

2013ರ ಕೀವ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರೀಟಾ ಚೆಂಡು ಮತ್ತು ಕ್ಲಬ್ಸ್‌ನಲ್ಲಿ ಚಿನ್ನ ಗೆದ್ದಳು. ಆದರೆ ನಾಲ್ಕೂ ಸುತ್ತು ಸೇರಿದ ಆಲ್‌ರೌಂಡ್ ಕಿರೀಟ ಅವಳ ಕೈಗೆ ಸಿಗಲಿಲ್ಲ. ಅದೇ ತಂಡದ, ಅವಳಿಗಿಂತ ಸುಮಾರು ಎರಡು ವರ್ಷ ಚಿಕ್ಕವಳಾದ ಯಾನಾ ಕುದ್ರ್ಯಾವ್ತ್‌ಸೇವಾ 2013, 2014, 2015, ಮೂರೂ ವರ್ಷ ಅದನ್ನು ಗೆದ್ದಳು. 2014ರಲ್ಲೂ 2015ರಲ್ಲೂ ರೀಟಾಳಿಗೆ ಬೆಳ್ಳಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿಕೊಂಡು ಬೆಳೆದ ನಮಗೆಲ್ಲ ಈ ನೋವು ಹೊಸದಲ್ಲ.

2016ರ ಆಗಸ್ಟ್ 20, ರಿಯೊ ಒಲಿಂಪಿಕ್ಸ್ ಫೈನಲ್. ಕ್ಲಬ್ಸ್ ಸುತ್ತಿನ ಕೊನೆಯಲ್ಲಿ ಯಾನಾ ಕೈಯಿಂದ ಒಂದು ಕ್ಲಬ್ ಜಾರಿ ಬಿತ್ತು. ರೀಟಾ ಎಲ್ಲೂ ತಪ್ಪಲಿಲ್ಲ. ಅವಳಿಗೆ 76.483, ಯಾನಾಗೆ 75.608. ಒಂದು ಅಂಕಕ್ಕೂ ಕಡಿಮೆ ಅಂತರದಲ್ಲಿ ಚಿನ್ನ. ಇಂದಿಗೂ ಒಂದೇ ಒಂದು ಒಲಿಂಪಿಕ್ ಪದಕ ಗೆಲ್ಲದ ಬಾಂಗ್ಲಾದೇಶದಲ್ಲೂ ಜನ "ನಮ್ಮ ಹುಡುಗಿ" ಎಂದು ಸಂಭ್ರಮಿಸಿದರು.

ಆ ಹೊತ್ತಿಗೆ ಅಪ್ಪ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಫೈನಲ್ ಮುಗಿದ ಆರೇ ದಿನಕ್ಕೆ, ಆಗಸ್ಟ್ 26ರಂದು ತೀರಿಕೊಂಡರು.

ಚಿನ್ನದ ಹಿಂದಿನ ಕೂಗಾಟ

ರಿಯೊಗೆ ಮುಂಚಿನ ರೀಟಾಳ ದಿನಗಳನ್ನು ಪೋಲೆಂಡ್‌ನ ನಿರ್ದೇಶಕಿ ಮಾರ್ತಾ ಪ್ರೂಸ್ "ಓವರ್ ದ ಲಿಮಿಟ್" ಎಂಬ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದಿದ್ದಾರೆ. ತರಬೇತುದಾರ್ತಿ ಅಮೀನಾ ಜರಿಪೋವಾ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡವರು. ಅವರ ಮೇಲೆ ಮುಖ್ಯ ತರಬೇತುದಾರ್ತಿ ಇರಿನಾ ವಿನರ್. ಚಿತ್ರದಲ್ಲಿ ವಿನರ್ ಬೈಯುವುದನ್ನು ಕೇಳಿದರೆ ದೊಡ್ಡವರಿಗೇ ಎದೆ ಝಲ್ಲೆನ್ನುತ್ತದೆ. ರೀಟಾ ಉತ್ತರ ಕೊಡದೆ ಕೇಳಿಸಿಕೊಳ್ಳುತ್ತಾಳೆ. ಮಕ್ಕಳಿಗೆ ತೋರಿಸುವ ಮೊದಲು ನೀವೊಮ್ಮೆ ನೋಡಿಬಿಡಿ.

"ಹಾಗೆ ಬೈದಿದ್ದಕ್ಕೇ ಚಿನ್ನ ಬಂತು" ಎಂದು ಅನ್ನಿಸುವುದು ಸುಲಭ. ಆದರೆ ಅದೇ ವ್ಯವಸ್ಥೆಯಲ್ಲಿ ಪಳಗಿದ ಇಬ್ಬರಲ್ಲಿ ಒಬ್ಬಳ ಕ್ಲಬ್ ಬಿತ್ತು, ಇನ್ನೊಬ್ಬಳದು ಬೀಳಲಿಲ್ಲ. ರೀಟಾ 2017ರಲ್ಲಿ, 22ನೇ ವಯಸ್ಸಿಗೇ ಸ್ಪರ್ಧೆಗೆ ವಿದಾಯ ಹೇಳಿದಳು. ಆ ವರ್ಷವೇ ಈಜುಗಾರ ಅಲೆಕ್ಸಾಂಡರ್ ಸುಖೊರುಕೋವ್ ಜೊತೆ ಮದುವೆಯೂ ಆಯಿತು.

ನಿಮ್ಮ ಮಗುವಿನ ಕೋಚ್ ಶಿಸ್ತಿನವರಾಗಿದ್ದರೆ ಒಳ್ಳೆಯದೇ. ಆದರೆ ಕ್ಲಾಸಿನ ದಿನವೇ ಹೊಟ್ಟೆನೋವು ಬರುತ್ತಿದ್ದರೆ, ಇಷ್ಟಪಟ್ಟು ಮಾಡುತ್ತಿದ್ದ ಆಟದ ಬಗ್ಗೆ ಮಾತೇ ನಿಂತಿದ್ದರೆ, ಒಂದು ದಿನ ಅಲ್ಲೇ ಕುಳಿತು ಕ್ಲಾಸು ನೋಡಿ. ಮನೆಗೆ ಬರುವಾಗ "ಎಷ್ಟು ಅಂಕ?" ಎನ್ನುವ ಬದಲು "ಇವತ್ತು ಯಾವುದು ಖುಷಿಯಾಯ್ತು ಪುಟ್ಟಾ?" ಎಂದು ಕೇಳಿ.

ನಮ್ಮ ಮನೆಯ ಅಂಕಪಟ್ಟಿ

ರಿಯೊದಲ್ಲಿ ಪ್ರತಿ ಸುತ್ತಿಗೆ ಎರಡು ಬಗೆಯ ಅಂಕಗಳಿದ್ದವು. ಕಷ್ಟದ ಚಲನೆಗಳಿಗೆ ಸೊನ್ನೆಯಿಂದ ಹತ್ತರವರೆಗೆ ಕೂಡಿಸುತ್ತ ಹೋಗುತ್ತಿದ್ದರು. ಅಚ್ಚುಕಟ್ಟಿಗೆ ಮಾತ್ರ ಹತ್ತರಿಂದ ಶುರುಮಾಡಿ, ತಪ್ಪು ಕಂಡಂತೆಲ್ಲ ಕಳೆಯುತ್ತಿದ್ದರು.

ಮಕ್ಕಳ ಕನ್ನಡಕ್ಕೆ ನಾವು ಕೊಡುವುದು ಯಾವ ಅಂಕ? ಮಗ ಅಜ್ಜಿಗೆ ಫೋನಿನಲ್ಲಿ "ನಾನು ಬಿದ್ದೆ, ಕಾಲು ನೋವು ಆಯ್ತಿದೆ" ಎಂದಾಗ ನಾವು ಹಿಂದಿನಿಂದ "ಆಯ್ತಿದೆ ಅಲ್ಲ, ಆಗ್ತಿದೆ" ಎನ್ನುತ್ತೇವೆ. ಅಜ್ಜಿ "ಅಯ್ಯೋ ಕಂದಾ, ಎಲ್ಲಿ ಬಿದ್ದೆ?" ಎನ್ನುತ್ತಾರೆ. ಮಗು ಮುಂದೆ ಮಾತಾಡುವುದು ಅಜ್ಜಿಯ ಜೊತೆಗೇ. ಇಂಗ್ಲಿಷೋ ಜರ್ಮನ್ನೋ ಸುಲಭವಾಗಿ ನಾಲಿಗೆಗೆ ಬರುವಾಗ ಕನ್ನಡದಲ್ಲಿ ಒಂದು ವಾಕ್ಯ ಹೇಳುವುದೇ ಕಷ್ಟದ ಚಲನೆ. ಅದಕ್ಕೆ ಅಂಕ ಕೂಡಿಸೋಣ. ತಿದ್ದುವ ಮಾತನ್ನು ನಿಮ್ಮ ಮರುಪ್ರಶ್ನೆಯೊಳಗೇ ಸೇರಿಸಿ: "ಹೌದಾ, ತುಂಬಾ ನೋವಾಗ್ತಿದೆಯಾ?"

ಈ ವಾರಾಂತ್ಯ ಹೀಗೆ ಮಾಡಿ

ರೀಟಾಳ ರಿಯೊ ಪ್ರದರ್ಶನದ ವಿಡಿಯೊವನ್ನು ಮಕ್ಕಳೊಡನೆ ಕುಳಿತು ನೋಡಿ. ಕಾಮೆಂಟರಿಯ ಧ್ವನಿ ಆರಿಸಿ, ನೀವೇ ಕನ್ನಡದಲ್ಲಿ ಹೇಳುತ್ತ ಹೋಗಿ: ಎಸೆದಳು, ಹಿಡಿದಳು, ಉರುಳಿಸಿದಳು, ಪುಟಿಸಿದಳು, ಬಾಗಿದಳು, ಸುತ್ತಿದಳು, ಜಿಗಿದಳು. ಚಿಕ್ಕ ಮಕ್ಕಳಿಗೆ ಒಂದು ಚೆಂಡು, ಒಂದು ಹಳೆಯ ದುಪಟ್ಟಾ ಕೊಟ್ಟು ಅದನ್ನೇ ಆಡಿಸಿ. ಪಾತ್ರ ಬದಲಿಸಿ: ನೀವು ಕುಣಿಯಿರಿ, ಮಗು ಕಾಮೆಂಟರಿ ಹೇಳಲಿ. ಒಂದೇ ಸಲಕ್ಕೆ ಏಳು ಕ್ರಿಯಾಪದಗಳು, ಪುಸ್ತಕ ತೆರೆಯದೆಯೇ.

ಸ್ವಲ್ಪ ದೊಡ್ಡ ಮಕ್ಕಳಾದರೆ ಪದಕ ಕೊಡುವ ದೃಶ್ಯದಲ್ಲಿ ವಿಡಿಯೊ ನಿಲ್ಲಿಸಿ. ಏರುತ್ತಿರುವುದು ರಷ್ಯಾದ ಬಾವುಟ, ಗೆದ್ದವಳ ಹೆಸರು ಮಾಮುನ್. "ಇವಳು ಎಲ್ಲಿಯವಳು ಅಂತ ನಿನಗೆ ಅನ್ನಿಸುತ್ತೆ?" ಎಂದು ಕೇಳಿ. ಉತ್ತರ ತಿದ್ದಬೇಡಿ. ಹಿಂದಿನ ಸೀಟಿನಿಂದ ಬಂದ ಆ ಹಳೆಯ ಪ್ರಶ್ನೆಗೆ ಮಗು ತಾನೇ ಉತ್ತರ ಹುಡುಕುತ್ತಿರುತ್ತದೆ.