ಪಕ್ಕದಲ್ಲಿ ಯಾರಾದ್ರೂ ನಿಂತ್ರೆ ಒಂದಕ್ಕೆ ಬರಲ್ವಾ? ಅದಕ್ಕೊಂದು ಹೆಸರಿದೆ

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ವಿಷಯ ಊಟ ಮಾಡ್ತಾ ಕೇಳೋಕೆ ಅಷ್ಟು ಚೆನ್ನಾಗಿರಲ್ಲ. ತಟ್ಟೆ ಮುಂದೆ ಕೂತಿರೋರು ಕೈ ತೊಳೆದ ಮೇಲೆ ಕೇಳಿ.

ಹುಣಸೂರು ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು, ಹೆಸರು ಹೇಳಬೇಡಿ ಅಂತ. ‘ಸಾರ್, ದಿನಾ ಬಸ್ಸಲ್ಲಿ ಮೈಸೂರಿಗೆ ಓಡಾಡ್ತೀನಿ. ಬಸ್ ಸ್ಟ್ಯಾಂಡ್ ಶೌಚಾಲಯದಲ್ಲಿ ಪಕ್ಕಕ್ಕೆ ಯಾರಾದ್ರೂ ಬಂದು ನಿಂತ್ರೆ ಮುಗೀತು, ಒಂದು ಹನಿ ಬರಲ್ಲ. ಮನೆಗೆ ಬಂದ್ರೆ ಸರಿಹೋಗುತ್ತೆ. ನಂಗೆ ಕಿಡ್ನಿ ತೊಂದ್ರೆ ಇದೆಯಾ?’

ಆ ಮೆಸೇಜನ್ನ ನಾನು ಎರಡು ಸಲ ಕೇಳಿದೆ. ಯಾಕಂದ್ರೆ ಅದು ನನ್ನದೇ ಕಥೆ.

ಮೊದಲು ಅವರ ಪ್ರಶ್ನೆಗೆ ಉತ್ತರ. ಮನೆಯಲ್ಲಿ ಸಲೀಸಾಗಿ ಆಗುತ್ತೆ, ಜನ ಹತ್ತಿರ ಇದ್ದಾಗ ಮಾತ್ರ ಆಗಲ್ಲ ಅಂದ್ರೆ ಅದು ಸಾಮಾನ್ಯವಾಗಿ ಕಿಡ್ನಿ ತೊಂದರೆಯಲ್ಲ. ಇದಕ್ಕೆ ವೈದ್ಯರು ‘ಪ್ಯಾರುರೆಸಿಸ್’ ಅಂತಾರೆ, ಆಡುಮಾತಲ್ಲಿ ‘ಶೈ ಬ್ಲಾಡರ್’. ನಾಚಿಕೊಳ್ಳೋ ಮೂತ್ರಕೋಶ ಅನ್ನಿ. 1954ರಲ್ಲಿ ವಿಲಿಯಮ್ಸ್ ಮತ್ತು ಡೀಗನ್‌ಹಾರ್ಟ್ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು 1,419 ಕಾಲೇಜು ವಿದ್ಯಾರ್ಥಿಗಳನ್ನ ಕೇಳಿ ನೋಡಿದಾಗ, ಶೇ 14ರಷ್ಟು ಜನ ಒಂದಲ್ಲ ಒಂದು ಸಲ ನಮಗೂ ಹೀಗಾಗಿದೆ ಅಂದಿದ್ರು. ಮನೋವೈದ್ಯರು ಇವತ್ತು ಇದನ್ನ ‘ಸೋಷಿಯಲ್ ಆಂಗ್ಸೈಟಿ’, ಅಂದ್ರೆ ಜನರ ಮುಂದೆ ಉಂಟಾಗೋ ಆತಂಕದ ಗುಂಪಿಗೇ ಸೇರಿಸ್ತಾರೆ.

1976ರ ಇನ್ನೊಂದು ಅಧ್ಯಯನ ಸ್ವಲ್ಪ ತಮಾಷೆಯದು. ಅಮೆರಿಕದ ಒಂದು ಯೂನಿವರ್ಸಿಟಿಯ ಗಂಡಸರ ಶೌಚಾಲಯದಲ್ಲಿ, ಪಕ್ಕದ ಕೋಣೆಯಲ್ಲಿ ಕೂತು ಪೆರಿಸ್ಕೋಪ್ ಇಟ್ಕೊಂಡು, ನಿಂತವರಿಗೆ ಮೂತ್ರ ಶುರುವಾಗೋಕೆ ಎಷ್ಟು ಸೆಕೆಂಡ್ ಬೇಕು ಅಂತ ಅಳೆದ್ರು. ಈಗ ಹಾಗೆ ಮಾಡಿದ್ರೆ ಕೇಸ್ ಬೀಳುತ್ತೆ, ಆಗಲೂ ಬೈಸ್ಕೊಂಡ್ರು. ಆದ್ರೆ ಸಿಕ್ಕ ಲೆಕ್ಕ ನೋಡಿ: ಒಬ್ಬನೇ ಇದ್ದಾಗ ಸರಾಸರಿ 4.9 ಸೆಕೆಂಡ್. ಪಕ್ಕದಲ್ಲೇ ಒಬ್ಬ ನಿಂತಾಗ 8.4. ಅವರು ಯಾವ ತೊಂದರೆಯೂ ಇಲ್ಲದ ಸಾಮಾನ್ಯ ಜನ. ಅಂದ್ರೆ ಈ ಹಿಂಜರಿಕೆ ಎಲ್ಲರ ಮೈಯಲ್ಲೂ ಇದೆ. ನಮ್ಮಂಥವರಿಗೆ ಜಾಸ್ತಿ ಇದೆ ಅಷ್ಟೆ.

ಯಾಕೆ ಹೀಗೆ? ನಮ್ಮ ಕಡೆ ಕೆರೆ, ಕಾಲುವೆ ನೋಡದವರು ಯಾರೂ ಇಲ್ಲ, ಹಾಗಾಗಿ ಅದರ ಲೆಕ್ಕದಲ್ಲೇ ಹೇಳ್ತೀನಿ. ಮೂತ್ರಕೋಶ ಕೆರೆ ಇದ್ದ ಹಾಗೆ, ಅದರ ಬಾಯಲ್ಲಿರೋ ಬಿಗಿ ಸ್ನಾಯು ತೂಬು. ಮನಸ್ಸು ನಿರಾಳ ಇದ್ದಾಗ ಮೂತ್ರಕೋಶದ ಗೋಡೆ ಹಿಂಡುತ್ತೆ, ತೂಬು ಸಡಿಲ ಆಗುತ್ತೆ. ಹೆದರಿಕೆ ಬಂತು ಅಂದ್ರೆ ದೇಹ ‘ಓಡು ಇಲ್ಲ ಹೊಡೆದಾಡು’ ಅನ್ನೋ ಸ್ಥಿತಿಗೆ ಹೋಗುತ್ತೆ, ನರಗಳು ತೂಬನ್ನ ಬಿಗಿ ಮಾಡ್ತವೆ. ಹುಲಿ ಅಟ್ಟಿಸಿಕೊಂಡು ಬರ್ತಿರುವಾಗ ಒಂದಕ್ಕೆ ನಿಲ್ಲೋಕಾಗುತ್ತಾ? ಆದ್ರೆ ದೇಹಕ್ಕೆ ಹುಲಿಗೂ, ಹಿಂದೆ ಲೈನಲ್ಲಿ ನಿಂತು ಗಂಟಲು ಸರಿಮಾಡ್ಕೊಳ್ಳೋ ಯಜಮಾನರಿಗೂ ವ್ಯತ್ಯಾಸ ಗೊತ್ತಾಗಲ್ಲ. ಮುಕ್ಕಿದಷ್ಟೂ ಬಿಗಿ ಜಾಸ್ತಿ. ಅದಕ್ಕೇ ‘ಮನಸ್ಸು ಗಟ್ಟಿ ಮಾಡ್ಕೊ’ ಅನ್ನೋ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬರಲ್ಲ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ, ಮನೇಲಿ ಹೊಗೆಸೊಪ್ಪು ಬೇಸಾಯ. ಚಿಕ್ಕಂದಿನಲ್ಲಿ ಹೊಲದ ಬದು, ಬೇಲಿ ಮರೆ. ಯಾವ ತೊಂದರೆಯೂ ಇರಲಿಲ್ಲ. ಶುರುವಾಗಿದ್ದು ಹಾಸ್ಟೆಲ್‌ನಲ್ಲಿ. ಸಾಲಾಗಿ ನಿಲ್ಲೋ ಜಾಗ, ನಡುವೆ ತಡೆ ಇಲ್ಲ, ಹಿಂದೆ ಹತ್ತು ಹುಡುಗರು. ಒಂದಿನ ಒಬ್ಬ ‘ಏನ್ಲಾ, ನಲ್ಲಿ ಕೆಟ್ಟೋಯ್ತಾ?’ ಅಂದ, ಎಲ್ಲ ನಕ್ಕರು. ಮಾರನೇ ದಿನದಿಂದ ನಾನು ಅಲ್ಲಿಗೆ ಹೋಗಲೇ ಇಲ್ಲ. ಆಮೇಲೆ ಒಂದು ಕೆಲಸದ ಮೆಡಿಕಲ್ ಟೆಸ್ಟಿಗೆ ಕರೆದ್ರು. ಕೈಗೆ ಬಾಟಲಿ ಕೊಟ್ಟು ಬಾಗಿಲ ಹೊರಗೆ ಕಾಯ್ತಿದ್ರು. ಎರಡು ಗಂಟೆ ನಿಂತೆ, ಆಗಲಿಲ್ಲ. ಖಾಲಿ ಬಾಟಲಿ ಕಿಟಕಿಯ ಮೇಲಿಟ್ಟು ಬಸ್ ಹತ್ತಿದೆ. ಮನೇಲಿ ‘ಸಂಬಳ ಕಮ್ಮಿ, ಬೇಡ ಅಂದೆ’ ಅಂತ ಸುಳ್ಳು ಹೇಳಿದೆ.

ಅಪ್ಪನಿಗೆ ನಿಜ ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಆಗ್ಲೇ ಹೇಳೋದಲ್ವೇನ್ಲಾ. ನಾನೂ ಕಂಪಲಾಪುರದ ಹರಾಜಿಗೆ ಬೇಲ್ ತಕ್ಕೊಂಡು ಹೋದ್ರೆ ಎಲ್ರ ಜೊತೆ ನಿಲ್ತಿರ್ಲಿಲ್ಲ, ದೂರದ ಹುಣಸೆ ಮರ ಹುಡುಕ್ತಿದ್ದೆ’ ಅಂದ್ರು. ನಂಗೆ ನಗೂನೂ ಬಂತು, ಅಳೂನೂ ಬಂತು.

ಈಗ, ಏನು ಮಾಡಬಾರದು ಅನ್ನೋದು. ನಾವೆಲ್ಲ ಮಾಡೋ ಮೊದಲ ತಪ್ಪು ನೀರು ಬಿಡೋದು. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಹೊರಟೋರು ಬೆಳಗ್ಗೆಯಿಂದ ಒಂದು ಗುಟುಕೂ ಕುಡಿಯಲ್ಲ. ಇದರಿಂದ ಸೋಂಕು, ಕಲ್ಲು ಬರೋ ಸಾಧ್ಯತೆ ಹೆಚ್ಚುತ್ತೆ. ಜೊತೆಗೆ ಭಯವೂ ಬೆಳೆಯುತ್ತೆ, ಯಾಕಂದ್ರೆ ತಪ್ಪಿಸ್ಕೊಂಡ ಪ್ರತಿ ಸಲ ಮನಸ್ಸು ‘ಸದ್ಯ, ಬಚಾವಾದೆ’ ಅಂತ ಅದನ್ನೇ ಗಟ್ಟಿ ಮಾಡ್ಕೊಳ್ಳುತ್ತೆ.

ಪರಿಣತರು ಮೊದಲು ಹೇಳೋ ದಾರಿ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡೋದು. ನಾನು ಮಾಡಿದ್ದನ್ನೇ ಹೇಳ್ತೀನಿ. ಮೊದಲು ಚೆನ್ನಾಗಿ ನೀರು ಕುಡಿದು, ನೆಂಟರ ಮನೆಯ ಶೌಚಾಲಯ, ಹಜಾರದಲ್ಲಿ ಜನ ಇದ್ದಾಗ. ಆಮೇಲೆ ಹೈವೇ ಪಕ್ಕದ ಪೆಟ್ರೋಲ್ ಬಂಕ್. ಆಮೇಲೆ ರೈಲು. ಕೆ.ಆರ್. ನಗರದವರಿಗೆ ಇದೊಂದು ಅನುಕೂಲ, ಮೈಸೂರು ರೈಲು ಅಲ್ಲೇ ಸಿಗುತ್ತೆ. ಒಳಗೆ ಚಿಲಕ ಇದೆ, ಗಾಡಿ ಸದ್ದಿಗೆ ಏನೂ ಕೇಳಿಸಲ್ಲ. ಕೋಟೆಯವರಿಗೆ ಆ ಭಾಗ್ಯ ಇಲ್ಲ, ಅವರು ಹೋಟೆಲನ್ನೇ ನಂಬಬೇಕು. ಕೊನೆಗೆ ಬಸ್ ಸ್ಟ್ಯಾಂಡ್, ಮಧ್ಯಾಹ್ನ ಜನ ಕಮ್ಮಿ ಇರೋ ಹೊತ್ತಲ್ಲಿ. ಒಂದು ಮೆಟ್ಟಿಲು ಬೇಜಾರಾಗುವಷ್ಟು ಸಲೀಸಾದ ಮೇಲೇ ಮುಂದಿನದು.

ನಂಬಿಕೆಯ ಗೆಳೆಯ ಇದ್ರೆ ಇನ್ನೂ ಒಳ್ಳೇದು. ಅವನು ದೂರ ನಿಂತಿರಲಿ. ನೀವು ಮೂರ್ನಾಲ್ಕು ಸೆಕೆಂಡ್ ಹೋಗಿ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಅವನು ಒಂದೆರಡು ಹೆಜ್ಜೆ ಹತ್ತಿರ ಬರಲಿ, ಮತ್ತೆ ಪ್ರಯತ್ನಿಸಿ. ನಂಗೆ ನಮ್ಮ ಭಾವಮೈದ ಈ ಉಪಕಾರ ಮಾಡಿದ. ಮೊದಲ ದಿನ ಇಬ್ಬರೂ ನಕ್ಕಿದ್ದೇ ಆಯ್ತು, ಅಭ್ಯಾಸ ಆಗಲಿಲ್ಲ. ಕೆಲವರು ಮುಕ್ಕಾಲು ಭಾಗ ಉಸಿರು ಹೊರಗೆ ಬಿಟ್ಟು ಹಾಗೇ ತಡೆದು ನಿಲ್ತಾರೆ, ಸ್ವಲ್ಪ ಹೊತ್ತಿಗೆ ತೂಬು ತಾನೇ ಸಡಿಲ ಆಗುತ್ತೆ ಅಂತ. ಹೃದಯ, ಬಿಪಿ, ಉಸಿರಾಟದ ತೊಂದರೆ ಇರೋರು ಇದನ್ನ ಮಾಡಬೇಡಿ.

ಒಂದು ಎಚ್ಚರಿಕೆ. ಮನೆಯಲ್ಲೂ ಆಗ್ತಿಲ್ಲ, ಧಾರೆ ಸಣ್ಣದಾಗಿದೆ, ಉರಿ ಇದೆ, ರಕ್ತ ಕಾಣ್ತಿದೆ ಅಂದ್ರೆ ಇದು ನಾಚಿಕೆಯ ವಿಷಯ ಅಲ್ಲ. ಐವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ತೋರಿಸಿ. ತುಂಬಿ ನೋಯ್ತಿದ್ದು ಒಂದು ಹನಿಯೂ ಬರ್ತಿಲ್ಲ ಅಂದ್ರೆ ಬೆಳಗಾಗೋ ತನಕ ಕಾಯಬೇಡಿ. ಆತಂಕಕ್ಕಾದ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ಕೇಳಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದ್ರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಸಿಗ್ತಾರೆ.

ಹೆಣ್ಣುಮಕ್ಕಳೂ ಕೇಳಿದ್ದೀರಿ. ನಿಮಗೂ ಇದು ಇರುತ್ತೆ, ಹೊರಗಿನವರಿಗೆ ಸದ್ದು ಕೇಳಿಸುತ್ತೆ ಅನ್ನೋ ಅಂಜಿಕೆ. ನಲ್ಲಿ ತಿರುಗಿಸಿ ಬಿಟ್ಟರೆ ಅರ್ಧ ಸಮಸ್ಯೆ ಕಮ್ಮಿ. ಆದ್ರೆ ಚಿಲಕವೇ ಇಲ್ಲ, ದೀಪ ಇಲ್ಲ ಅಂತ ಹೆದರೋದು ಕಾಯಿಲೆ ಅಲ್ಲ. ಆ ಬಾಗಿಲಿಗೆ ಬೇಕಾಗಿರೋದು ಥೆರಪಿ ಅಲ್ಲ, ಚಿಲಕ. ಬಸ್ ಸ್ಟ್ಯಾಂಡ್ ಆದ್ರೆ ಅಲ್ಲಿನ ಕಂಟ್ರೋಲರ್‌ಗೆ, ಊರಿನ ಶೌಚಾಲಯ ಆದ್ರೆ ಹುಣಸೂರಿನಲ್ಲಿ ನಗರಸಭೆಗೆ, ಉಳಿದ ಮೂರು ಕಡೆ ಪುರಸಭೆಗೆ ಬರೆದು ಕೊಡಿ. ಗಂಡಸರ ಕಡೆ ನಡುವೆ ಒಂದೊಂದು ಕಲ್ಲಿನ ತಡೆ ಹಾಕಿ ಅಂತಲೂ ಅದರಲ್ಲೇ ಸೇರಿಸಿ, ದೊಡ್ಡ ಖರ್ಚೇನಲ್ಲ.

ಕೊನೆಗೆ ಬಾಟಲಿ ವಿಷಯ. ಲ್ಯಾಬ್‌ನಲ್ಲಿ ಆಗದಿದ್ರೆ ನರ್ಸಮ್ಮನಿಗೆ ನೇರವಾಗಿ ಹೇಳಿ: ‘ಹೊರಗೆ ಯಾರಾದ್ರೂ ಕಾಯ್ತಿದ್ರೆ ನಂಗೆ ಆಗಲ್ಲ, ಸ್ವಲ್ಪ ಟೈಮ್ ಕೊಡಿ, ಇಲ್ಲಾಂದ್ರೆ ಮನೆಯಿಂದ ತರಬಹುದಾ?’ ಸಾಮಾನ್ಯ ಪರೀಕ್ಷೆಗೆ ಎಷ್ಟೋ ಕಡೆ ಒಪ್ತಾರೆ. ನಾನು ಹೋದ ವರ್ಷ ಶುಗರ್ ಟೆಸ್ಟಿಗೆ ಹೋದಾಗ ಇದೇ ಮಾತು ಹೇಳಿದೆ. ಆಯಮ್ಮ ತಲೆ ಎತ್ತದೆ, ‘ಹಿಂದಗಡೆ ಇನ್ನೊಂದು ಬಾತ್ರೂಮ್ ಇದೆ, ಅಲ್ಲಿಗೋಗಿ’ ಅಂದ್ರು.

ಮುಂದಿನ ವಾರ ಸಿಗೋಣ. ನಮಸ್ಕಾರ.