ಕೇಳುವವರೊಬ್ಬರು

ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿಯ ಗುಡಿಗೆ ಹೋದವರಿಗೆ ಅಲ್ಲಿಯ ಬಕುಳದ ಮರದ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಸುಂದರಮೂರ್ತಿ ನಾಯನಾರರು, ಅಂದರೆ ನಮ್ಮ ಹರಿಹರ ಕವಿಯ ರಗಳೆಯ ನಂಬಿಯಣ್ಣ, "ನಿನ್ನನ್ನು ಬಿಟ್ಟು ಹೋಗುವುದಿಲ್ಲ" ಎಂದು ಸಂಗಿಲಿಗೆ ಆಣೆಯಿಟ್ಟದ್ದು ಆ ಮರದ ಕೆಳಗೆ. ಆಣೆ ಮುರಿದು ಊರಿನ ಎಲ್ಲೆ ದಾಟುತ್ತಲೇ ಅವರ ಎರಡು ಕಣ್ಣುಗಳೂ ಹೋದುವಂತೆ. ಮೊರೆಯಿಟ್ಟ ಭಕ್ತನಿಗೆ ಶಿವನು ಒಡನೆಯೇ ಕಣ್ಣು ಕೊಡಲಿಲ್ಲ. ತಿರುವೆಣ್ಪಾಕ್ಕದಲ್ಲಿ ಮೊದಲು ಕೊಟ್ಟದ್ದು ಒಂದು ಊರುಗೋಲು. ಆಮೇಲೆ ಕಂಚಿಯಲ್ಲಿ ಎಡಗಣ್ಣು, ತಿರುವಾರೂರಿನಲ್ಲಿ ಬಲಗಣ್ಣು. ದಾರಿಯನ್ನೆಲ್ಲ ನಂಬಿಯಣ್ಣನೇ ನಡೆಯಬೇಕಾಯಿತು.

ಈ ಕಥೆಯನ್ನು ನಾನು ಹಲವು ಸಲ ಕೇಳಿದ್ದೆ. ಆದರೆ ಆ ಊರುಗೋಲಿನ ಬೆಲೆ ಏನೆಂಬುದು ನನಗೆ ತಿಳಿದದ್ದು ಗುಡಿಯಲ್ಲಲ್ಲ; ಅದೇ ಊರಿನ ಒಂದು ಚಿಕ್ಕ ಬೀದಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ನಮ್ಮಂತೆ ಊರು ಬಿಟ್ಟು ಬಂದ ಸಂಸಾರಗಳಿಗೆ ಇದರಿಂದ ಉಪಯೋಗವಾದೀತೆಂದು ಅಮ್ಮನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ತಂದೆಯವರು ತೀರಿಕೊಂಡ ಮೇಲೆ ಅಮ್ಮನನ್ನು ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಕರೆದುಕೊಂಡು ಬಂದೆ. ತಿಂಗಳ ಮಾಸಿಕ ಮುಗಿಯುವುದರೊಳಗೆ ಹಸುವನ್ನು ದಾಯಾದಿಗಳಿಗೆ ಒಪ್ಪಿಸಿದ್ದಾಯಿತು, ತೋಟವನ್ನು ಗುತ್ತಿಗೆಗೆ ಕೊಟ್ಟದ್ದಾಯಿತು, ಮನೆಗೆ ಬೀಗ ಹಾಕಿ ಕೀಲಿಕೈಯನ್ನು ನಾನೇ ಇಟ್ಟುಕೊಂಡದ್ದೂ ಆಯಿತು. ಎಲ್ಲರೂ "ಮಗ ಎಂದರೆ ಹೀಗಿರಬೇಕು" ಎಂದರು. ನಾನೂ ಹಾಗೆಯೇ ಎಂದುಕೊಂಡೆ.

ಇಲ್ಲಿಗೆ ಬಂದು ಆರು ತಿಂಗಳಾಗುವುದರೊಳಗೆ ಅಮ್ಮನ ಊಟ ಅರ್ಧಕ್ಕೆ ಇಳಿಯಿತು. ರಾತ್ರಿ ನಿದ್ರೆ ಇಲ್ಲ. "ಎದೆಯ ಮೇಲೆ ಕಲ್ಲು ಹೇರಿದ ಹಾಗಾಗುತ್ತದೆ ಕಣಪ್ಪಾ" ಎನ್ನುವಳು. ರಕ್ತ ಪರೀಕ್ಷೆಯಾಯಿತು, ಇ.ಸಿ.ಜಿ. ಆಯಿತು. ದೇಹದಲ್ಲಿ ಯಾವ ದೋಷವೂ ಇಲ್ಲ ಎಂದರು. ಅನಂತರ ಪೇಟೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಮನಸ್ಸಿನ ವಿಭಾಗದಲ್ಲಿ ಪ್ರಶ್ನೆಗಳ ಒಂದು ಪಟ್ಟಿ ಇದ್ದಿತು. ಅವರು ತಮಿಳಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು, ಅಮ್ಮ ನನ್ನ ಮುಖ ನೋಡಿ "ಏನೂ ಇಲ್ಲ" ಎನ್ನುವುದು, ಅವರು ಗುರುತು ಹಾಕುವುದು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅವರನ್ನು ದೂರಿ ಫಲವೇನು? ಹೊರಗೆ ಜನರ ಸಾಲು ಬಾಗಿಲು ದಾಟಿ ನಿಂತಿತ್ತು. ಆದರೆ ಮಗನ ಮುಖಾಂತರ ಯಾವ ತಾಯಿ ತನ್ನ ದುಃಖ ತೋಡಿಕೊಂಡಾಳು?

ಮಹಡಿಯ ಮೇಲಿನ ಕೋಣೆ

ನಮ್ಮ ಬೀದಿಯ ವೈದ್ಯರೊಬ್ಬರು ಈ ಚಿಕ್ಕ ಸ್ಥಳದ ವಿಳಾಸ ಕೊಟ್ಟರು. ಅಲ್ಲಿದ್ದವರು ಒಬ್ಬ ಮಹಿಳೆ, ಕ್ಲಿನಿಕಲ್ ಸೈಕಾಲಜಿಸ್ಟ್. ಅವರ ಹಿರಿಯರು ಹೊಸೂರಿನ ಕಡೆಯವರಾದ್ದರಿಂದ ಮನೆಮಾತು ಕನ್ನಡವೇ. ಹೊರಗೆ ನಾಲ್ಕು ಕುರ್ಚಿ, ಕುಡಿಯಲು ಒಂದು ಹೂಜಿ ನೀರು. ಒಳಗಿನ ಮಾತು ಹೊರಗೆ ಕೇಳದಂತೆ ದಪ್ಪನೆಯ ಬಾಗಿಲು. ಶುಲ್ಕವೆಷ್ಟು, ಎಷ್ಟು ಹೊತ್ತಿನ ಭೇಟಿ ಎಂಬುದನ್ನು ಮೊದಲೇ ತಿಳಿಸಿದರು.

ಎಂದಿನಂತೆ ಅಮ್ಮನ ವಿಷಯವನ್ನೆಲ್ಲ ನಾನೇ ಹೇಳಲು ತೊಡಗಿದೆ. ಅವರು ಸಮಾಧಾನವಾಗಿ ತಡೆದು ಅಮ್ಮನ ಕಡೆಗೆ ತಿರುಗಿದರು. "ಅಮ್ಮಾ, ನಿಮ್ಮನ್ನು ಇಲ್ಲಿಗೆ ಕರೆತಂದದ್ದು ನಿಮಗೆ ಒಪ್ಪಿಗೆಯೇ?"

ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, "ಯಾವ ಇಲ್ಲಿಗೆ, ತಾಯಿ? ಈ ಕೋಣೆಗೋ, ಈ ಊರಿಗೋ?" ಎಂದಳು.

ನನ್ನನ್ನು ಹೊರಗೆ ಕೂರಲು ಹೇಳಿದರು. ಐವತ್ತು ನಿಮಿಷಗಳ ಮೇಲೆ ಅಮ್ಮ ಕಣ್ಣೊರೆಸಿಕೊಂಡು ಹೊರಬಂದಳು. ಆದರೆ ಅಂದು ರಾತ್ರಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ಔಷಧವಿಲ್ಲ, ಉಪದೇಶವಿಲ್ಲ, ಹಾಗಾದರೆ ಒಳಗೆ ನಡೆದದ್ದೇನು?

ಮುಂದಿನ ವಾರ ಅದನ್ನೇ ಅವರಲ್ಲಿ ವಿಚಾರಿಸಿದೆ. "ಅದನ್ನು ಅಮ್ಮನೇ ಹೇಳಬೇಕು, ನಾನಲ್ಲ" ಎಂದು ನಕ್ಕರು. ಅನಂತರ, "ನೀವು ಹೇಗಿದ್ದೀರಿ?" ಎಂದರು.

ಎಷ್ಟು ಸಣ್ಣ ಪ್ರಶ್ನೆ! "ನನಗೇನು, ಚೆನ್ನಾಗಿದ್ದೇನೆ" ಎಂದು ಹೇಳಲು ಬಾಯಿ ತೆರೆದೆ. ಆದರೆ ಬಂದದ್ದು ಬೇರೆಯೇ ಮಾತು. ತಂದೆಯವರ ಕೊನೆಯ ಗಳಿಗೆಗೆ ನಾನು ಊರು ಮುಟ್ಟಲಿಲ್ಲ. ರಜೆ ಸಿಕ್ಕಲಿಲ್ಲವೆಂದು ಎಲ್ಲರಿಗೂ ಹೇಳಿದ್ದೆ. ನಿಜವಾಗಿ ನಾನು ರಜೆ ಕೇಳಿಯೇ ಇರಲಿಲ್ಲ. ಇನ್ನೂ ನಾಲ್ಕು ದಿನ ತಡೆದಾರು ಎಂದುಕೊಂಡಿದ್ದೆ. ಹೆಂಡತಿಗೂ ಹೇಳದ ಈ ಮಾತನ್ನು ಆ ಕುರ್ಚಿಯಲ್ಲಿ ಕುಳಿತು ಹೇಳಿದೆ. ಅವರು "ಅಯ್ಯೋ, ಬಿಡಿ, ವಿಧಿ" ಎನ್ನಲಿಲ್ಲ. "ಹಾಗೆ ಮಾಡಬಾರದಿತ್ತು" ಎಂದೂ ಅನ್ನಲಿಲ್ಲ. "ಆ ನಾಲ್ಕು ದಿನವನ್ನು ಇಷ್ಟು ಕಾಲ ಒಬ್ಬರೇ ಹೊತ್ತಿದ್ದೀರಿ" ಎಂದರು, ಅಷ್ಟೆ. ಕೊನೆಯಲ್ಲಿ, ಅಮ್ಮನನ್ನು ನೋಡುತ್ತಿರುವ ತಾವೇ ಮಗನನ್ನೂ ನೋಡುವುದು ಸರಿಯಲ್ಲವೆಂದು ನನಗೆ ಬೇರೊಬ್ಬರ ಹೆಸರು ಬರೆದುಕೊಟ್ಟರು.

ರೋಜರ್ಸರ ಬಾಗಿಲ ಬಳಿ

ಈ ಪದ್ಧತಿಗೆ ಒಂದು ಚರಿತ್ರೆಯೇ ಇದೆಯೆಂದು ಆಮೇಲೆ ಓದಿ ತಿಳಿದುಕೊಂಡೆ. ಇದನ್ನು ವ್ಯಕ್ತಿಕೇಂದ್ರಿತ ಚಿಕಿತ್ಸೆ ಎನ್ನುತ್ತಾರೆ. ಇದಕ್ಕೆ ರೂಪ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902-1987). ತರುಣರಾಗಿದ್ದಾಗ ಅವರು ರೋಚೆಸ್ಟರ್ ನಗರದಲ್ಲಿ ತೊಂದರೆಗೆ ಸಿಕ್ಕ ಮಕ್ಕಳ ಕೆಲಸ ನೋಡುತ್ತಿದ್ದರು. ಒಬ್ಬ ಹುಡುಗನ ತಂಟೆಗೆ ಅವನ ತಾಯಿ ಅವನನ್ನು ಒಲ್ಲದಿರುವುದೇ ಕಾರಣವೆಂದು ಅವರಿಗೆ ಖಚಿತವಾಗಿತ್ತು. ಎಷ್ಟು ವಾರ ತಿಳಿಯಹೇಳಿದರೂ ಆಕೆಯ ಮನಸ್ಸಿಗೆ ಅದು ಹಿಡಿಯಲಿಲ್ಲ. ಕೊನೆಗೆ ಇಬ್ಬರೂ ಸೋಲೊಪ್ಪಿಕೊಂಡು ಬೀಳ್ಕೊಂಡರು. ಆಕೆ ಬಾಗಿಲವರೆಗೆ ಹೋದವಳು ತಿರುಗಿ, ಇಲ್ಲಿ ದೊಡ್ಡವರನ್ನೂ ನೋಡುತ್ತೀರಾ ಎಂದು ವಿಚಾರಿಸಿದಳು. ಮರಳಿ ಬಂದು ಕುಳಿತು ತನ್ನ ದಾಂಪತ್ಯದ ಸಂಕಟವನ್ನೆಲ್ಲ ಹೇಳಿಕೊಂಡಳು. ನಿಜವಾದ ಚಿಕಿತ್ಸೆ ಮೊದಲಾದದ್ದು ಆಗಲೇ. ಎಲ್ಲಿ ನೋಯುತ್ತದೆ, ಯಾವ ಕಡೆಗೆ ಹೋಗಬೇಕು ಎಂಬುದು ನೊಂದವರಿಗೇ ಗೊತ್ತಿರುತ್ತದೆ ಎಂಬ ಪಾಠವನ್ನು ರೋಜರ್ಸ್ ಅಲ್ಲಿಂದ ಕಲಿತರು. ಈ ಸಂಗತಿ ಓದಿದಾಗ ನನಗೆ ನಮ್ಮ ತಿರುವೊಟ್ಟಿಯೂರಿನ ಕೋಣೆಯೇ ಕಣ್ಣಿಗೆ ಕಟ್ಟಿತು.

ಬಂದವರನ್ನು ಅವರು 'ರೋಗಿ' ಎನ್ನಲಿಲ್ಲ. ವಕೀಲರು ತಮ್ಮ ಕಕ್ಷಿದಾರರನ್ನು ಕರೆಯುವ ಹೆಸರಿನಿಂದಲೇ ಕರೆದರು. 1951ರಲ್ಲಿ ಬಂದ ಅವರ ಗ್ರಂಥದ ಹೆಸರಿನಲ್ಲಿಯೂ ಆ ಪದವೇ ಇದೆ. 1957ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವರು ಹೇಳಿದ ಗುಣಗಳಲ್ಲಿ ಚಿಕಿತ್ಸಕರಿಗೆ ಸೇರಿದವು ಮುಖ್ಯವಾಗಿ ಮೂರು. ಒಂದು, ತೋರಿಕೆಯಿಲ್ಲದ ನಡತೆ: ದೊಡ್ಡ ಪಂಡಿತನೆಂಬ ಮುಖವಾಡ ಕೂಡದು. ಎರಡು, ಷರತ್ತಿಲ್ಲದ ಆದರ: "ನೀನು ಹೀಗಿದ್ದರೆ ಮಾತ್ರ ಒಳ್ಳೆಯವನು" ಎಂಬ ತಕ್ಕಡಿ ಹಿಡಿಯಬಾರದು. ಮೂರು, ಎದುರಿನವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡಿ, ಕಂಡದ್ದನ್ನು ಅವರಿಗೆ ತಿಳಿಯುವಂತೆ ಹೇಳುವುದು. ಇಷ್ಟಿದ್ದರೆ ಸಾಕು ಎಂದರು ರೋಜರ್ಸ್. ಇಷ್ಟೇ ಸಾಕೇ ಎಂಬುದರಲ್ಲಿ ಆಮೇಲಿನವರು ಬಹಳ ವಾದ ಮಾಡಿದ್ದಾರೆ. ಆದರೆ ಚಿಕಿತ್ಸಕರಿಗೂ ಬಂದವರಿಗೂ ನಡುವಣ ನಂಬಿಕೆ ಗುಣವಾಗುವುದಕ್ಕೆ ದೊಡ್ಡ ಬಲವೆಂಬುದನ್ನು ಬೇರೆ ಪದ್ಧತಿಯವರೂ ಒಪ್ಪುತ್ತಾರೆ.

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಒಂದೇ ಮಾತಿಗೆ ಎರಡು ಅರ್ಥ: ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ದಿಕ್ಕಿಲ್ಲದವರನ್ನು 'ಹೇಳುವವರು ಕೇಳುವವರು ಇಲ್ಲದವರು' ಎನ್ನುತ್ತೇವೆ. ನಮ್ಮ ಮನೆಯಲ್ಲಿ ಅಮ್ಮನಿಗೆ ಹೇಳುವವರು ನಾವೆಲ್ಲರೂ ಇದ್ದೆವು. 'ಊಟ ಮಾಡು', 'ಟಿ.ವಿ. ನೋಡು', 'ಯೋಚನೆ ಮಾಡಬೇಡ'. ಕೇಳುವವರು ಮಾತ್ರ, ಎರಡು ಅರ್ಥದಲ್ಲಿಯೂ, ಒಬ್ಬರೂ ಇರಲಿಲ್ಲ. ಕಛೇರಿಯಲ್ಲಿಯೂ ನನ್ನದು ಇದೇ ಚಾಳಿ. ಯಾರಾದರೂ ಅಹವಾಲು ಹೇಳತೊಡಗಿದರೆ ಅರ್ಧಕ್ಕೇ ತಡೆದು "ಯಾವ ನಮೂನೆ ತಂದಿದ್ದೀರಿ?" ಎನ್ನುವವನು ನಾನು.

ಕನ್ನಡಿಗರಿಗೆ ಹೊಸದೇನಲ್ಲ

ಮನಸ್ಸಿನ ಬೇನೆಯ ಮಾತು ನಮಗೆ ಹೊಸದಲ್ಲ. 'ಕೊರವಂಜಿ'ಯಿಂದ ನಾಡನ್ನು ನಗಿಸಿದ 'ರಾಶಿ', ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತ್ರಿವೇಣಿಯವರ 'ಶರಪಂಜರ'ವನ್ನು ಓದಿ, 1971ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿ ಕಣ್ಣೀರು ಹಾಕದ ಮನೆ ಯಾವುದು? ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬಂದಳು. ಮತ್ತೆ ಕೆಡಿಸಿದ್ದು ಮನೆಯವರ ನೋಟ, ಊರಿನವರ ಮಾತು. ಷರತ್ತಿಲ್ಲದ ಆದರ ಆ ಮನೆಯಲ್ಲಿ ಎಳ್ಳಷ್ಟಾದರೂ ಇದ್ದಿದ್ದರೆ!

ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನಲ್ಲೇ ಇದೆ. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ಅದಾಯಿತು. ಆ ಸಂಸ್ಥೆಯ ಮುಂದಾಳುತನದಲ್ಲಿ ತಮಿಳುನಾಡೂ ಸೇರಿದಂತೆ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆದ ಸಮೀಕ್ಷೆಯಲ್ಲಿ, ಹತ್ತು ಮಂದಿ ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಮನಸ್ಸಿನ ತೊಂದರೆ ಇದ್ದುದು ಕಂಡುಬಂದಿತು. ಅಂಥವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕಾರಣಗಳು ಹಲವು. ನಮ್ಮಂಥವರಿಗೆ ಇನ್ನೂ ಎರಡು: ನಮ್ಮ ಭಾಷೆ ಬಲ್ಲವರು ಸಿಕ್ಕುವುದಿಲ್ಲ, ಸಿಕ್ಕಿದರೆ 'ಸಂಘದಲ್ಲಿ ಎಲ್ಲರಿಗೂ ತಿಳಿದೀತು' ಎಂಬ ಅಂಜಿಕೆ.

ಆದ್ದರಿಂದ ನಾನು ಕಂಡುಕೊಂಡ ಕೆಲವು ಮಾತುಗಳು:

ಬರಿಯ ಸವಿಮಾತು ಸಾಲದು, ಓದೂ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನೋಂದಣಿಯ ಸಂಖ್ಯೆ ಕೇಳಲು ಸಂಕೋಚ ಬೇಡ, ಒಳ್ಳೆಯವರು ಬೇಸರಿಸುವುದಿಲ್ಲ.

ಹೇಳಿದ್ದು ಗುಟ್ಟಾಗಿರುತ್ತದೆಯೇ ಎಂದು ಮೊದಲೇ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆ ಈ ಗೋಪ್ಯವನ್ನು ಹಕ್ಕೆಂದೇ ಹೇಳಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಷ್ಟೇ ಅದಕ್ಕೆ ಹೊರತು.

ಮೊದಲ ಭೇಟಿಯಲ್ಲಿ ಹೆಚ್ಚು ಮಾತನಾಡಿದವರು ಯಾರು, ನೀವೋ ಅವರೋ, ಗಮನಿಸಿ. 'ಇಷ್ಟೇ ಭೇಟಿಯಲ್ಲಿ ಪೂರ್ತಿ ಗುಣ' ಎಂದು ಮಾತು ಕೊಡುವವರಿಂದ ದೂರವಿರಿ. "ನಿಮ್ಮ ಈ ಮಾತು ನನಗೆ ಒಗ್ಗಲಿಲ್ಲ" ಎಂದು ನೀವು ಅಂಜದೆ ಹೇಳಬಹುದಾದರೆ ಅದು ತಕ್ಕ ಸ್ಥಳ. ಒಬ್ಬರು ಹಿಡಿಸದಿದ್ದರೆ ಇನ್ನೊಬ್ಬರನ್ನು ಹುಡುಕುವುದರಲ್ಲಿ ತಪ್ಪಿಲ್ಲ.

ಕೇಳುವಿಕೆಯೊಂದೇ ಎಲ್ಲಕ್ಕೂ ಮದ್ದಲ್ಲ. ಇಲ್ಲದ ದನಿ ಕೇಳಿಸುವುದು, ಪ್ರಾಣದ ಮೇಲಿನ ಆಸೆ ಹೋಗುವುದು, ವಾರಗಟ್ಟಲೆ ಹಾಸಿಗೆ ಬಿಟ್ಟೇಳದಿರುವುದು ಕಂಡರೆ ತಡಮಾಡದೆ ಮನೋವೈದ್ಯರ ಬಳಿ ಹೋಗಬೇಕು, ಔಷಧವೂ ಬೇಕಾಗಬಹುದು. ಹತ್ತಿರದಲ್ಲಿ ಕನ್ನಡ ಬಲ್ಲವರು ಇಲ್ಲದಿದ್ದರೆ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಟೆಲಿ-ಮಾನಸ್' ಇದೆ. 14416ಕ್ಕೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

ಕೀಲಿಕೈ

ಅಮ್ಮ ಅಲ್ಲಿಗೆ ಹೋಗತೊಡಗಿ ಮೂರು ತಿಂಗಳಾದ ಮೇಲೆ, ಅವಳೇ ಬಯಸಿ, ನನ್ನನ್ನೂ ಒಂದು ದಿನ ಒಳಗೆ ಕರೆಸಿದಳು. ಊರಿನ ಮನೆಯನ್ನು ಮಾರುವ ಮಾತು ಆಗ ನಡೆದಿತ್ತು. ಅಮ್ಮನಿಗೆ ತಿಳಿಯದೆಂದು ನಾನು ಭಾವಿಸಿದ್ದೆ. ಅವಳು ಅತ್ತಿತ್ತ ನೋಡದೆ ಹೇಳಿದಳು:

"ಮಾರುವುದಾದರೆ ಮಾರು ಕಣಪ್ಪಾ. ನಾನು ಬೇಡವೆನ್ನುವುದಿಲ್ಲ. ಆದರೆ ನನ್ನನ್ನು ಒಂದು ಮಾತು ಕೇಳು. ಅಲ್ಲಿಯವರೆಗೆ ಕೀಲಿಕೈ ನನ್ನ ಹತ್ತಿರ ಇರಲಿ."

ಮನೆಗೆ ಬಂದು ಬೀರುವಿನಿಂದ ಕೀಲಿಕೈ ತೆಗೆದು ಅವಳ ಕೈಗೆ ಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅದೇ ರಾತ್ರಿ ಆ ನಾಲ್ಕು ದಿನದ ವಿಷಯವನ್ನೂ ಅವಳಿಗೆ ಹೇಳಿದೆ. "ನನಗೆ ಗೊತ್ತಿತ್ತು" ಎಂದಳು. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕುಳಿತಿದ್ದೆವು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಅಮ್ಮನಿಗೆ ಈಗಲೂ ಕೆಲವು ರಾತ್ರಿ ನಿದ್ರೆ ಬರುವುದಿಲ್ಲ. ತೋಟದಲ್ಲಿ ಕಾಯಿ ಇಳಿಸುವ ಕಾಲಕ್ಕೆ ಊರಿಗೆ ಹೋಗಿ ತಿಂಗಳಿದ್ದು ಬರುತ್ತಾಳೆ. ಇಲ್ಲಿದ್ದಾಗ ಸಂಜೆ ವಡಿವುಡೈ ಅಮ್ಮನ ಸನ್ನಿಧಿಗೆ ಹೋಗಿ, ತನ್ನಷ್ಟೇ ವಯಸ್ಸಿನ ತಮಿಳು ಹೆಂಗಸೊಬ್ಬಳ ಜತೆ ಅರ್ಧ ಕನ್ನಡ ಅರ್ಧ ಕೈಸನ್ನೆಯಲ್ಲಿ ಹರಟುತ್ತಾಳೆ. ಮನೆ ಇನ್ನೂ ಮಾರಿಲ್ಲ. ಆ ಮಾತು ಬಂದಾಗ ಮೊದಲು ಅವಳನ್ನು ಕೇಳುತ್ತೇನೆ.