ನೂರಕ್ಕೆ ಎಷ್ಟು?

ನನ್ನ ಮಿತ್ರರೊಬ್ಬರ ಮನೆಯ ಗೋಡೆಗೂಡಿನಲ್ಲಿ ಎರಡು ಕಾಗದಗಳಿವೆ. ಒಂದು, ದಪ್ಪ ಹಾಳೆಯ ಮೇಲೆ ಬಣ್ಣದ ಅಂಚು ಕಟ್ಟಿ ಅಚ್ಚುಮಾಡಿದ ಪ್ರಶಂಸಾಪತ್ರ. ಇನ್ನೊಂದು, ತೆಳುವಾದ ಬಿಳಿಯ ಹಾಳೆಯ ಮೇಲಿನ, ಕಾರಣ ಕೇಳುವ ನೋಟೀಸು. ಎರಡೂ ಒಂದೇ ವಿಳಾಸಕ್ಕೆ ಬಂದವು. ನಡುವೆ ಇರುವುದು ಒಂದು ವರ್ಷದ ಅಂತರ.

ಮಿತ್ರರು ತಿಪಟೂರು ತುರುವೇಕೆರೆಗಳ ನಡುವಣ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು. 2023ರಲ್ಲಿ ಅವರ ಶಾಲೆಯಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತವರು ಎಂಟು ಮಂದಿ. ಎಂಟು ಮಂದಿಯೂ ತೇರ್ಗಡೆಯಾದರು. ನೂರಕ್ಕೆ ನೂರು. ಶಾಲು, ಹಾರ, ಫಲತಾಂಬೂಲ ಎಲ್ಲವೂ ಆಯಿತು. 2024ರಲ್ಲಿ ಕುಳಿತವರು ಮತ್ತೆ ಎಂಟೇ ಮಂದಿ, ತೇರ್ಗಡೆಯಾದವರು ನಾಲ್ವರು. ನೂರಕ್ಕೆ ಐವತ್ತು. ಅದೇ ಮುಖ್ಯೋಪಾಧ್ಯಾಯರು, ಅದೇ ಉಪಾಧ್ಯಾಯವರ್ಗ, ಅದೇ ಕರಿಹಲಗೆ. ಹನ್ನೆರಡು ತಿಂಗಳಲ್ಲಿ ಇವರ ಬೋಧನೆ ಅರ್ಧಕ್ಕೆ ಇಳಿದುದು ಹೇಗೆಂಬುದು ನೋಟೀಸಿನ ಪ್ರಶ್ನೆ.

ಆ ಬೇಸಗೆಯಲ್ಲಿ ನಾನು ಅವರ ಮನೆಗೆ ಹೋಗಿದ್ದೆ. ನಾಲ್ಕು ಮಕ್ಕಳ ಸಂಗತಿಯನ್ನು ಅವರು ಒಂದೊಂದಾಗಿ ಹೇಳಿದರು. ಒಬ್ಬಳಿಗೆ ಗಣಿತದ ಪರೀಕ್ಷೆಯ ದಿನ ಜ್ವರ. ಒಬ್ಬ ಹುಡುಗನ ತಂದೆ ಫೆಬ್ರವರಿಯಲ್ಲಿ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಅಲ್ಲಿಂದಾಚೆ ಹಸುಗಳೂ ತೋಟವೂ ಹುಡುಗನ ಪಾಲಿಗೆ ಬಂದವು. ಉಳಿದಿಬ್ಬರ ಮಾತು ಬಂದಾಗ ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮದೇ ತಪ್ಪು. ಎಂಟನೆಯ ತರಗತಿಗೆ ಬಂದಾಗಲೇ ಅವರಿಗೆ ಗುಣಾಕಾರ ಬರುತ್ತಿರಲಿಲ್ಲ. ಮೂರು ವರ್ಷದಲ್ಲಿ ಕಲಿಸಲಾಗಲಿಲ್ಲ" ಎಂದರು. ಎಂಟು ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ನೂರಕ್ಕೆ ಹನ್ನೆರಡೂವರೆ. ಒಬ್ಬ ತಂದೆ ಮರದಿಂದ ಬಿದ್ದರೆ ಶಾಲೆಯ ಫಲಿತಾಂಶ ಹನ್ನೆರಡೂವರೆ ಅಂಶ ಬೀಳುತ್ತದೆ. ನೂರು ಮಕ್ಕಳಿರುವ ಪಟ್ಟಣದ ಶಾಲೆಯಲ್ಲಿ ಅದೇ ದುರ್ದೈವ ಒಂದೇ ಒಂದು ಅಂಶ.

ನನ್ನ ವಿಷಯ ಕನ್ನಡ. ಸಂಖ್ಯಾಶಾಸ್ತ್ರ ನನ್ನ ಕಸುಬಲ್ಲ. ಆದರೆ ಕನ್ನಡ ನಾಡಿಗೂ ಲೆಕ್ಕಕ್ಕೂ ಇರುವ ನಂಟು ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಅಡುಗೆಯಿಂದ ಹಿಡಿದು ಛಂದಸ್ಸು ವ್ಯಾಕರಣಗಳವರೆಗೆ ಗಣಿತವಿಲ್ಲದೆ ನಡೆಯುವ ವ್ಯವಹಾರವಿಲ್ಲವೆಂದು ಸಾರಿದ. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದ. ಇವರ ಗ್ರಂಥಗಳಲ್ಲೆಲ್ಲ ಗೌರವದ ಸ್ಥಾನ ಪಡೆದಿರುವ ತ್ರೈರಾಶಿಕವೇ ನಮ್ಮ ಶೇಕಡಾ ಲೆಕ್ಕದ ತಾಯಿ. ಎಂಟಕ್ಕೆ ನಾಲ್ಕಾದರೆ ನೂರಕ್ಕೆಷ್ಟು? ಐವತ್ತು. ಲೆಕ್ಕ ಸರಿ. ಆದರೆ ಆ ಶಾಲೆಯಲ್ಲಿ ನೂರು ಮಕ್ಕಳೇ ಇರಲಿಲ್ಲ. ಒಂದು ಸೇರು ಅಕ್ಕಿಯ ಬೆಲೆಯಿಂದ ನೂರು ಸೇರಿನ ಬೆಲೆಯನ್ನು ಹೇಳಬಹುದು, ಏಕೆಂದರೆ ತೊಂಬತ್ತೊಂಬತ್ತು ಸೇರು ಇನ್ನೂ ಅಂಗಡಿಯಲ್ಲಿದೆ. ಇಲ್ಲಿ ತೊಂಬತ್ತೆರಡು ಮಕ್ಕಳನ್ನು ಲೆಕ್ಕವೇ ಹೆತ್ತು, ಅವರಲ್ಲಿ ನಲವತ್ತಾರು ಮಂದಿಯನ್ನು ತಾನೇ ನಪಾಸು ಮಾಡಿ, ಆ ಅಪರಾಧವನ್ನು ಮುಖ್ಯೋಪಾಧ್ಯಾಯರ ತಲೆಗೆ ಕಟ್ಟುತ್ತದೆ.

ನಾವು ಮಾತನಾಡುತ್ತ ಕುಳಿತಿದ್ದ ಜಗಲಿಯ ಇನ್ನೊಂದು ಕೊನೆಯಲ್ಲಿ ಹೆಣ್ಣಾಳುಗಳು ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದರು. ತಿಪಟೂರು ಸೀಮೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಯಿಯನ್ನು ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆಯಾಗುತ್ತದೆ; ಅಲ್ಲಾಡಿಸಿದರೆ ಗುಡುಗುಡು ಸದ್ದು ಬರುತ್ತದೆ. ಅಟ್ಟದ ಎಲ್ಲ ಕಾಯಿಯೂ ಹಾಗಾಗುವುದಿಲ್ಲ, ಕೆಲವು ಕೌಟಾಗುತ್ತವೆ. ಕೊಳ್ಳುವವನು ಇದನ್ನು ಬಲ್ಲ. ಆದುದರಿಂದ ಅವನು ಚೀಲದ ಬಾಯಲ್ಲಿರುವುದನ್ನು ನೋಡಿ ಬೆಲೆ ಕಟ್ಟುವುದಿಲ್ಲ; ಕೈ ತೂರಿಸಿ ನಡುವಿನಿಂದಲೂ ತಳದಿಂದಲೂ ತೆಗೆದು ನೋಡುತ್ತಾನೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಎಂಬ ಗಾದೆ ಇಲ್ಲಿ ನಡೆಯದು. ಅನ್ನಕ್ಕೆ ಆ ಮಾತು ಒಪ್ಪುವುದು ಒಂದು ನೀರಿನಲ್ಲಿ ಒಂದೇ ಉರಿಗೆ ಎಲ್ಲ ಅಗುಳೂ ಬೇಯುವುದರಿಂದ. ಮಿತ್ರರ ಅಣ್ಣ, ತೋಟ ನೋಡಿಕೊಳ್ಳುವವರು, ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು, "ಎಂಟು ಕೊಬ್ಬರಿ ನೋಡಿ ಇಡೀ ಅಟ್ಟಕ್ಕೆ ಬೆಲೆ ಕಟ್ತೀನಿ ಅಂತ ಬಂದ್ರೆ ಅವನನ್ನ ಜಗಲಿ ಹತ್ತಿಸ್ತೀವಾ ಮೇಷ್ಟ್ರೇ?" ಎಂದು ನನ್ನನ್ನು ಕೇಳಿದರು.

ಅವರ ಪ್ರಶ್ನೆಯನ್ನೇ ಲೆಕ್ಕಕ್ಕಿಡಬಹುದು. 2024ರ ಮೊದಲ ಪರೀಕ್ಷೆಯಲ್ಲಿ ಇಡೀ ರಾಜ್ಯದ ಫಲಿತಾಂಶ ಶೇಕಡಾ 73.40, ಸುಲಭಕ್ಕಾಗಿ ನಾಲ್ವರಲ್ಲಿ ಮೂವರು ಎನ್ನೋಣ. ಎಲ್ಲ ಶಾಲೆಗಳಲ್ಲಿಯೂ ಪಾಠ ಒಂದೇ ಮಟ್ಟದ್ದು, ಪ್ರತಿಯೊಂದು ಮಗುವಿಗೂ ತೇರ್ಗಡೆಯ ಸಂಭವ ನಾಲ್ಕರಲ್ಲಿ ಮೂರು ಎಂದು ಇಟ್ಟುಕೊಳ್ಳೋಣ. ಎಂಟು ಮಕ್ಕಳ ಶಾಲೆಯಲ್ಲಿ ಎಂಟೂ ಮಂದಿ ತೇರ್ಗಡೆಯಾಗುವ ಸಂಭವವೆಷ್ಟು? ಮುಕ್ಕಾಲನ್ನು ಎಂಟು ಸಲ ಗುಣಿಸಬೇಕು. ಬರುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ನಾಲ್ವರೋ ಅದಕ್ಕಿಂತ ಕಡಿಮೆಯೋ ತೇರ್ಗಡೆಯಾಗುವ ಸಂಭವ ಸುಮಾರು ಒಂಬತ್ತರಲ್ಲಿ ಒಂದು. ಎಂದರೆ ಇಂಥ ನೂರು ಪುಟ್ಟ ಶಾಲೆಗಳಿದ್ದರೆ, ಪಾಠದಲ್ಲಿ ಎಳ್ಳಷ್ಟೂ ಭೇದವಿಲ್ಲದೆ, ಹತ್ತಕ್ಕೆ ಹಾರ ಬೀಳುತ್ತದೆ, ಹನ್ನೊಂದಕ್ಕೆ ನೋಟೀಸು ಹೋಗುತ್ತದೆ. ಎಂಬತ್ತು ಮಕ್ಕಳ ಶಾಲೆಯಲ್ಲಿ ಎಲ್ಲರೂ ತೇರ್ಗಡೆಯಾಗುವ ಸಂಭವ ಸಾವಿರ ಕೋಟಿಯಲ್ಲಿ ಒಂದು. ಅರ್ಧ ಮಂದಿ ಉರುಳುವ ಸಂಭವ ಲಕ್ಷದಲ್ಲಿ ಒಂದೂ ಇಲ್ಲ. ದೊಡ್ಡ ಶಾಲೆಗೆ ಹಾರವೂ ಇಲ್ಲ, ನೋಟೀಸೂ ಇಲ್ಲ. ಅದರ ಪಾಡಿಗೆ ಅದು ನಡುವಿನಲ್ಲಿರುತ್ತದೆ.

ಈ ಏರಿಳಿತದ ಅಳತೆಯನ್ನು ಹದಿನೆಂಟನೆಯ ಶತಮಾನದಲ್ಲಿಯೇ ಅಬ್ರಹಾಂ ಡಿ ಮೊವ್ರ ಎಂಬ ಗಣಿತಜ್ಞ ಕಂಡುಹಿಡಿದಿದ್ದ. ಮಕ್ಕಳ ಸಂಖ್ಯೆ ನಾಲ್ಕು ಪಟ್ಟಾದರೆ ಏರಿಳಿತ ಅರ್ಧವಾಗುತ್ತದೆ. ಮೇಲಿನ ಲೆಕ್ಕದಲ್ಲಿ ಎಂಟು ಮಕ್ಕಳ ಶಾಲೆ ಆಚೀಚೆ ಹದಿನೈದು ಅಂಶ ಓಲಾಡುವುದು ಸಹಜ. ಮೂವತ್ತೆರಡು ಮಕ್ಕಳದು ಎಂಟು ಅಂಶಕ್ಕೂ ಕಡಿಮೆ. ಇದನ್ನು ಮರೆತು ಮೋಸಹೋದವರು ನಮ್ಮ ಕಚೇರಿಗಳವರು ಮಾತ್ರವಲ್ಲ. ಅಮೆರಿಕದಲ್ಲಿ ಅತ್ಯುತ್ತಮ ಶಾಲೆಗಳ ಪಟ್ಟಿಯಲ್ಲಿ ಸಣ್ಣ ಶಾಲೆಗಳೇ ಹೆಚ್ಚಾಗಿರುವುದನ್ನು ಕಂಡು, ಶಾಲೆ ಸಣ್ಣದಾದರೆ ವಿದ್ಯೆ ಚೆನ್ನಾಗುತ್ತದೆಂದು ಗೇಟ್ಸ್ ಪ್ರತಿಷ್ಠಾನ ಅಪಾರ ಹಣ ಸುರಿಯಿತು. ಪಟ್ಟಿಯ ತಳವನ್ನು ನೋಡಿದ್ದರೆ ಅಲ್ಲಿಯೂ ಸಣ್ಣ ಶಾಲೆಗಳೇ ಹೆಚ್ಚಾಗಿದ್ದುದು ಕಾಣುತ್ತಿತ್ತು. ಹೊವರ್ಡ್ ವೇನರ್ ಎಂಬ ಸಂಖ್ಯಾಶಾಸ್ತ್ರಜ್ಞರು 2007ರ ಲೇಖನವೊಂದರಲ್ಲಿ ಇದನ್ನು ಎತ್ತಿ ತೋರಿಸಿದರು.

ಇನ್ನೊಂದು ಮಾತು ನಮ್ಮವರದೇ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, ನೂರೆರಡು ವರ್ಷ ಬಾಳಿ, 2023ರಲ್ಲಿ ತೀರಿಕೊಂಡ ಸಿ. ಆರ್. ರಾವ್ ಅವರು 1945ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದು ಜಗತ್ಪ್ರಸಿದ್ಧ. ಕೈಯಲ್ಲಿರುವ ಸಾಮಗ್ರಿ ಇಷ್ಟೇ ಆದರೆ, ಪಕ್ಷಪಾತವಿಲ್ಲದ ಅಂದಾಜು ಇಂತಿಷ್ಟಕ್ಕಿಂತ ನಿಖರವಾಗಿರಲು ಸಾಧ್ಯವೇ ಇಲ್ಲವೆಂಬ ಎಲ್ಲೆಯನ್ನು ಅದು ಹಾಕಿಕೊಟ್ಟಿತು. ಅಧಿಕಾರಿ ಎಷ್ಟೇ ಜಾಣನಾಗಿರಲಿ, ಎಂಟು ಮಕ್ಕಳಿಂದ ಎಷ್ಟು ತಿಳಿಯಬಹುದೋ ಅಷ್ಟೇ ತಿಳಿಯಬಹುದು.

ಇದರ ಮೇಲೆ, ಅಳೆಯುವ ಕೊಳಗವೇ ವರ್ಷವರ್ಷಕ್ಕೆ ಬದಲಾಯಿತು. ಕೊರೊನಾದ ದೆಸೆಯಿಂದ 2021ರ ಪರೀಕ್ಷೆ ಎರಡೇ ದಿನದಲ್ಲಿ ಮುಗಿದು ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. 2022ರಲ್ಲಿ ಶೇಕಡಾ 85.63, 2023ರಲ್ಲಿ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಏರ್ಪಟ್ಟಿತು. ಕೃಪಾಂಕವನ್ನು ಆ ವರ್ಷದ ಮಟ್ಟಿಗೆ ಶೇಕಡಾ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. ಕಾವಲು ಬಿಗಿಯಾದುದು ಒಳ್ಳೆಯದೇ ಆಯಿತೆಂದು ನನ್ನ ಮತ. ಆದರೆ ಹಳೆಯ ಕೊಳಗದಲ್ಲಿ ಅಳೆದ ರಾಶಿಯನ್ನು ಹೊಸ ಕೊಳಗದಲ್ಲಿ ಅಳೆದು, ಕಾಳು ಕದ್ದವರಾರೆಂದು ಕಣದಲ್ಲಿ ದುಡಿದವನನ್ನು ಕೇಳುವುದು ನ್ಯಾಯವೆ?

ಇದಕ್ಕಿಂತ ಸೂಕ್ಷ್ಮವಾದ ಮೋಸವೊಂದಿದೆ. ಅದೃಷ್ಟ ಕೂಡಿಬಂದು ನೂರಕ್ಕೆ ನೂರು ಪಡೆದ ಶಾಲೆ ಮರುವರ್ಷ ಇಳಿಯಲೇಬೇಕು. ಮೇಲೆ ಹೋಗಲು ಜಾಗವೇ ಇಲ್ಲ. ದುರ್ದೈವದಿಂದ ಐವತ್ತಕ್ಕೆ ಬಿದ್ದ ಶಾಲೆ ಮರುವರ್ಷ ಬಹುಮಟ್ಟಿಗೆ ಏರುತ್ತದೆ. ಎತ್ತರದ ತಂದೆತಾಯಿಗಳ ಮಕ್ಕಳು ಸರಾಸರಿಯ ಕಡೆಗೆ ಸರಿಯುವುದನ್ನು ಇಂಗ್ಲೆಂಡಿನ ಗಾಲ್ಟನ್ 1886ರಲ್ಲಿ ತೋರಿಸಿದುದು ಇದೇ ತತ್ತ್ವ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನಮನ್ ಇಸ್ರೇಲಿನ ವಿಮಾನದಳದ ಶಿಕ್ಷಕರ ಕಥೆಯೊಂದನ್ನು ಹೇಳುತ್ತಿದ್ದರು. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ, ಆದ್ದರಿಂದ ಬೈಗುಳವೇ ಮದ್ದು ಎಂದು ಆ ಶಿಕ್ಷಕರು ನಂಬಿದ್ದರು. ಬೈಯದಿದ್ದರೂ ಬಹುಪಾಲು ಹಾಗೆಯೇ ಆಗುತ್ತಿತ್ತು. ನಮ್ಮಲ್ಲಿಯೂ ನೋಟೀಸು ಹೋದ ಶಾಲೆ ಮರುವರ್ಷ ಏರಿದಾಗ, ನೋಡಿ, ಬಿಸಿ ಮುಟ್ಟಿಸಿದ್ದರ ಫಲ ಎನ್ನುವವರಿದ್ದಾರೆ. ಉಪಾಧ್ಯಾಯನ ಪಾಲಿಗೆ ಇದರಷ್ಟು ದುಬಾರಿಯಾದ ಭ್ರಮೆ ಇನ್ನೊಂದಿಲ್ಲ.

ಹಾಗಾದರೆ ಉಪಾಧ್ಯಾಯರನ್ನು ಪ್ರಶ್ನಿಸಲೇಬಾರದೆ? ಅವಶ್ಯವಾಗಿ ಪ್ರಶ್ನಿಸಬೇಕು. ಪಾಠವನ್ನೇ ಮಾಡದ ಶಾಲೆಗಳು ಇಲ್ಲವೆಂದು ಹೇಳುವಷ್ಟು ಮುಗ್ಧನು ನಾನಲ್ಲ. ಐದು ವರ್ಷದ ಮಕ್ಕಳನ್ನು ಕೂಡಿಸಿದರೆ ನಲವತ್ತು ಮಂದಿಯಾಗುತ್ತಾರೆ. ಓಲಾಟ ಹದಿನೈದರಿಂದ ಏಳಕ್ಕೆ ಇಳಿಯುತ್ತದೆ. ಪ್ರತಿ ವರ್ಷವೂ ರಾಜ್ಯದ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ನೋಡಿದರೆ ಕೊಳಗ ಬದಲಾದ ದೋಷವೂ ತಕ್ಕಮಟ್ಟಿಗೆ ಕಳೆಯುತ್ತದೆ. ಆಗಲೂ ಕೆಳಗೇ ಉಳಿದ ಶಾಲೆಯನ್ನು ಧಾರಾಳವಾಗಿ ಕೇಳಲಿ. ಕೊನೆಗೆ ಇಷ್ಟನ್ನಾದರೂ ಮಾಡಬಹುದು: 'ಶೇಕಡಾ 50' ಎಂದು ಬರೆಯುವ ಜಾಗದಲ್ಲಿ '8ರಲ್ಲಿ 4' ಎಂದು ಬರೆಯಬಹುದು. ಇದಕ್ಕೆ ಹಣ ಬೇಡ, ಆದೇಶ ಬೇಡ. ಓದಿದವನಿಗೆ ನಾಲ್ಕು ಮುಖಗಳು ಕಣ್ಣಿಗೆ ಕಟ್ಟುತ್ತವೆ.

ಹಳ್ಳಿಯ ಉಪಾಧ್ಯಾಯರಿಗೆ ಈ ವಿವೇಕ ಹೊಸದೂ ಅಲ್ಲ. ಪ್ರಾಥಮಿಕ ಶಾಲೆಯ ಬಿಸಿಯೂಟಕ್ಕೆ ಐದನೆಯ ತರಗತಿಯವರೆಗೆ ಮಗುವಿಗೆ 100 ಗ್ರಾಂ, ಆರರಿಂದ ಎಂಟರವರೆಗೆ 150 ಗ್ರಾಂ ಅಕ್ಕಿ. ಇಂದು ಎಷ್ಟು ಮಕ್ಕಳು ಬಂದಾರು, ಊರ ಹಬ್ಬವಿದೆಯೆ, ಮಳೆ ಹಿಡಿದಿದೆಯೆ ಎಂದೆಲ್ಲ ಎಣಿಸಿಯೇ ಅಕ್ಕಿ ಅಳೆಯಿಸುವುದು. ನಿನ್ನೆ ಇಪ್ಪತ್ತು ಮಂದಿ ಬಂದಿದ್ದರು, ಇಂದು ಹತ್ತೇ ಮಂದಿ, ಆದ್ದರಿಂದ ಶಾಲೆ ಅರ್ಧ ಮುಚ್ಚಿತು ಎಂದು ಅಡುಗೆಯಾಕೆ ತೀರ್ಮಾನಿಸುವುದಿಲ್ಲ.

ಹೊರಡುವ ಮೊದಲು ಮಿತ್ರರು ಇನ್ನೊಂದು ಮಾತು ಹೇಳಿದರು. ನೋಟೀಸು ಬಂದ ಸುದ್ದಿ ತಿಳಿದ ಹಿತೈಷಿಯೊಬ್ಬರು, "ಗುಣಾಕಾರ ಬಾರದ ಆ ಇಬ್ಬರನ್ನು ಒಂಬತ್ತರಲ್ಲೇ ಬಿಡಿಸಿ ಕಳಿಸಿದ್ದರೆ ಮುಗಿಯುತ್ತಿತ್ತಲ್ಲ ಸಾರ್" ಎಂದರಂತೆ. ಲೆಕ್ಕ ಮಾಡಿ ನೋಡಿದೆ. ಎಂಟರಲ್ಲಿ ನಾಲ್ಕು, ಐವತ್ತು; ಆರರಲ್ಲಿ ನಾಲ್ಕು, ಅರವತ್ತಾರು ಮುಕ್ಕಾಲಿಗೆ ಹತ್ತಿರ. ಯಾರಿಗೂ ಒಂದಕ್ಷರ ಹೆಚ್ಚು ಕಲಿಸದೆ ಶಾಲೆ ಮೇಲೇರುತ್ತದೆ. ಅಂಶವನ್ನು ಹೆಚ್ಚಿಸುವುದು ಕಷ್ಟ, ಛೇದವನ್ನು ತಗ್ಗಿಸುವುದು ಸುಲಭ. ಆ ಛೇದದಲ್ಲಿರುವುದು ಮಕ್ಕಳು. ಪುಟ್ಟ ಶಾಲೆಯ ಶೇಕಡಾವಾರಿಗೆ ಹೆದರಿದ ಮುಖ್ಯೋಪಾಧ್ಯಾಯನ ಕಣ್ಣಿಗೆ ಹಿಂದುಳಿದ ಮಗು ಮೊದಲು ಬೀಳುತ್ತದೆ, ಕಲಿಸುವುದಕ್ಕಾಗಿ ಅಲ್ಲ.

ತಂದೆ ಮರದಿಂದ ಬಿದ್ದ ಹುಡುಗ ಆ ಜೂನಿನಲ್ಲಿ ಪರೀಕ್ಷೆ–2ಕ್ಕೆ ಕುಳಿತು ತೇರ್ಗಡೆಯಾಗಿ ತಿಪಟೂರಿನಲ್ಲಿ ಪಿ.ಯು.ಸಿ. ಸೇರಿದ. ನೋಟೀಸಿನಲ್ಲಿದ್ದ ಐವತ್ತು ಐವತ್ತಾಗಿಯೇ ಉಳಿಯಿತು. ಮರುವರ್ಷ ಮಿತ್ರರ ಶಾಲೆಯ ಹತ್ತನೆಯ ತರಗತಿಯಲ್ಲಿದ್ದವರು ಏಳು ಮಕ್ಕಳು. ಅವರಲ್ಲೊಬ್ಬಳಿಗೆ ಡಿಸೆಂಬರಿನಲ್ಲಿಯೂ ಭಾಗಾಕಾರ ಕೈಗೆ ಹತ್ತಿರಲಿಲ್ಲ. ಅವಳ ಹೆಸರನ್ನೂ ಸೇರಿಸಿ ಏಳು ಹೆಸರುಗಳ ಪಟ್ಟಿಯನ್ನು ಅವರು ಕಳಿಸಿದರು. ಆರು ಮಂದಿ ತೇರ್ಗಡೆಯಾದರು. ಆ ವರ್ಷ ಎಲ್ಲಿಂದಲೂ ಯಾವ ಕಾಗದವೂ ಬರಲಿಲ್ಲ. ಏಳನೆಯವಳು ಪರೀಕ್ಷೆ–2ಕ್ಕೆ ಮತ್ತೆ ಕುಳಿತಳು.